ಸಣ್ಣ ಸಮುದಾಯದಿಂದ ಬಂದ ದೊಡ್ಡ ನಾಯಕ: ಡಿ. ದೇವರಾಜ ಅರಸು

ಕೋಲಾರದವರಿಗೆ ದೇವರಾಜ ಅರಸು ಎಂಬ ಹೆಸರು ಹೊಸದಲ್ಲ. ಟಮಕದ ವೈದ್ಯಕೀಯ ಕಾಲೇಜಿನ ಫಲಕದ ಮೇಲೆ ಆ ಹೆಸರಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ದೊಡ್ಡ ಕಾಯಿಲೆ ಎಂದರೆ ಜನ ಅಲ್ಲಿಗೇ ಬರುತ್ತಾರೆ. ಆದರೆ ನಾವೆಲ್ಲ ಅದನ್ನು ಜಾಲಪ್ಪ ಆಸ್ಪತ್ರೆ ಎಂದು ಕರೆದು ಅಭ್ಯಾಸ. ಹಿಂದುಳಿದ ವರ್ಗಗಳ ನಾಯಕರಾಗಿದ್ದ ಆರ್. ಎಲ್. ಜಾಲಪ್ಪನವರು ಕಟ್ಟಿದ ಸಂಸ್ಥೆ ಅದು, ಹಾಗಾಗಿ ಆ ಮಾತು ತಪ್ಪಲ್ಲ. ಆದರೆ ಅವರು 1986ರಲ್ಲಿ ಕಾಲೇಜು ಶುರು ಮಾಡುವಾಗ ತಮ್ಮ ಹೆಸರನ್ನಾಗಲಿ ಯಾವುದಾದರೂ ದೇವರ ಹೆಸರನ್ನಾಗಲಿ ಇಡದೆ, ಹುಣಸೂರು ತಾಲೂಕಿನ ಒಬ್ಬರ ಹೆಸರನ್ನು ಏಕೆ ಇಟ್ಟರು? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದದ್ದನ್ನು ನಮ್ಮ ಕಾಲೇಜಿನ ಗೆಳೆಯ ಗೆಳತಿಯರ ಮುಂದೆ ಇಡುತ್ತಿದ್ದೇನೆ.

ನನಗೆ ಇನ್ನೊಂದು ಕಾರಣವೂ ಇದೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಚುನಾವಣೆಯ ಪಾಠ ಬಂದಾಗಲೆಲ್ಲ ಒಂದು ವಾದ ಎದ್ದೇ ಏಳುತ್ತದೆ. ಜನ ತಮ್ಮ ಜಾತಿಯವರಿಗೆ, ತಮ್ಮ ಧರ್ಮದವರಿಗೆ ಮಾತ್ರ ಓಟು ಹಾಕುತ್ತಾರೆ, ಆದ್ದರಿಂದ ಸಂಖ್ಯೆಯಲ್ಲಿ ಕಡಿಮೆ ಇರುವವರು ಚುನಾವಣೆಯ ಆಸೆಯನ್ನೇ ಬಿಡಬೇಕು ಎಂಬುದು ಆ ವಾದ. ಇದು ನಿಜವೇ ಆಗಿದ್ದರೆ ನಮ್ಮಲ್ಲಿ ಬಹಳಷ್ಟು ಮಂದಿಗೆ ವಿಧಾನಸೌಧ ಎಂಬುದು ಪ್ರವಾಸ ಹೋದಾಗ ಹೊರಗಿನಿಂದ ನೋಡಿ ಬರುವ ಕಟ್ಟಡ ಮಾತ್ರ. ಅರಸು ಅವರ ಬದುಕು ಈ ವಾದಕ್ಕೆ ಕರ್ನಾಟಕವೇ ಕೊಟ್ಟ ದೊಡ್ಡ ಉತ್ತರ. ಆ ಉತ್ತರ ಎಷ್ಟು ಪೂರ್ತಿಯಾದದ್ದು, ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದನ್ನೂ ನೋಡಬೇಕು.

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ. ಅರಸು ಸಮುದಾಯ ಮೈಸೂರಿನ ರಾಜಮನೆತನಕ್ಕೆ ನಂಟಿರುವ ಸಮುದಾಯ. ಗೌರವವಿತ್ತು, ಆದರೆ ಜನಸಂಖ್ಯೆ ಬಹಳ ಕಡಿಮೆ. ಇಡೀ ರಾಜ್ಯದಲ್ಲಿ ತಮ್ಮವರ ಓಟಿನಿಂದಲೇ ಗೆಲ್ಲಬಹುದಾದ ಒಂದು ಕ್ಷೇತ್ರವೂ ಅವರಿಗೆ ಇರಲಿಲ್ಲ. ಕಲ್ಲಹಳ್ಳಿಯ ಮನೆ ಬೇಸಾಯದ ಮನೆ. ಮೈಸೂರಿನಲ್ಲಿ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದರು. ಅವರ ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋಗಿ ನಟರಾದರು, ನಿರ್ದೇಶಕರಾದರು. ಅಣ್ಣ ಊರಿಗೆ ಮರಳಿ ಹೊಲಕ್ಕಿಳಿದರು. ಕುಸ್ತಿಯ ಗೀಳು, ಪುಸ್ತಕದ ಗೀಳು ಎರಡೂ ಇದ್ದ ಪದವೀಧರ ರೈತ ಅವರು.

1941ರಲ್ಲಿ, ಇಪ್ಪತ್ತಾರು ತುಂಬುವ ಹೊತ್ತಿಗೆ, ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. ಆಗ ಎಲ್ಲರಿಗೂ ಓಟಿನ ಹಕ್ಕು ಇರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆ ಇದ್ದವರು ಮಾತ್ರ ಮತದಾರರು. ಸ್ವಾತಂತ್ರ್ಯ ಬಂದು, ಸಂವಿಧಾನ ಜಾರಿಯಾಗಿ, 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಚಿತ್ರ ಬದಲಾಯಿತು. ಕೂಲಿಯವನಿಗೂ ಜಮೀನ್ದಾರನಿಗೂ ಒಂದೊಂದೇ ಓಟು. ಹುಣಸೂರಿನ ಒಕ್ಕಲಿಗರು, ಕುರುಬರು, ನಾಯಕರು, ದಲಿತರು, ಮುಸ್ಲಿಮರು ಸೇರಿ ತಮ್ಮಲ್ಲಿ ಯಾರ ಜಾತಿಗೂ ಸೇರದ ಅರಸು ಅವರನ್ನು ವಿಧಾನಸಭೆಗೆ ಕಳಿಸಿದರು. ಒಂದು ಸಲವಲ್ಲ, 1967ರವರೆಗೆ ಮತ್ತೆ ಮತ್ತೆ ಕಳಿಸಿದರು. ನನ್ನ ಮೊದಲ ಪುರಾವೆ ಇದೇ. ತಮ್ಮ ನಡುವೆ ಓಡಾಡುವ, ಕಷ್ಟಕ್ಕೆ ಸಿಗುವ ಮನುಷ್ಯ ಎಂದು ಗೊತ್ತಾದರೆ ಮತದಾರ ಜಾತಿಯ ಲೆಕ್ಕವನ್ನು ಪಕ್ಕಕ್ಕಿಡಬಲ್ಲ.

ಆದರೆ ಒಂದು ತಾಲೂಕು ಗೆಲ್ಲುವುದು ಬೇರೆ, ರಾಜ್ಯ ಗೆಲ್ಲುವುದು ಬೇರೆ. ಹಳೆಯ ಮೈಸೂರಿನ ಮೊದಲ ಮುಖ್ಯಮಂತ್ರಿ ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ. ಅವರ ನಂತರ ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ. 1956ರಲ್ಲಿ ಏಕೀಕರಣವಾದ ಮೇಲೆ ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲ. ಇವರೆಲ್ಲ ದೊಡ್ಡವರು, ನಾಡಿಗಾಗಿ ದುಡಿದವರು. ಆದರೂ ಇವರು ಬಂದದ್ದು ರಾಜ್ಯದ ಎರಡು ದೊಡ್ಡ ಸಮುದಾಯಗಳಿಂದ. ಉಳಿದ ನೂರಾರು ಸಮುದಾಯಗಳ ಪಾಲಿಗೆ ಮುಖ್ಯಮಂತ್ರಿ ಕುರ್ಚಿ ಎಟುಕದ ಹಣ್ಣಾಗಿಯೇ ಇತ್ತು.

1969ರಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ರಾಜ್ಯದ ದೊಡ್ಡ ನಾಯಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಜೊತೆ ನಿಂತರು. ಅರಸು ಇಂದಿರಾ ಗಾಂಧಿಯವರ ಕಡೆ ಹೋಗಿ, ಇಲ್ಲಿ ಪಕ್ಷವನ್ನು ತಳದಿಂದ ಕಟ್ಟುವ ಹೊಣೆ ಹೊತ್ತರು. ಪ್ರಬಲರೆಲ್ಲ ಎದುರು ಪಾಳೆಯದಲ್ಲಿದ್ದುದರಿಂದ ಟಿಕೆಟ್ ಕೊಡುವಾಗ ಹೊಸಬರನ್ನು ಹುಡುಕುವುದು ಅವರಿಗೆ ಅನಿವಾರ್ಯವೂ ಆಗಿತ್ತು, ಇಷ್ಟವೂ ಆಗಿತ್ತು. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು. ಆ ಸಲ ಕನಕಪುರದಿಂದ ಗೆದ್ದವರು ಸಿ. ಕೆ. ಜಾಫರ್ ಷರೀಫ್. ಅವರು ಚಿತ್ರದುರ್ಗ ಜಿಲ್ಲೆಯವರು, ಮುಸ್ಲಿಮರು. ಕ್ಷೇತ್ರದಲ್ಲಿ ಮುಸ್ಲಿಮರ ಓಟು ಮಾತ್ರ ನಂಬಿದ್ದರೆ ಠೇವಣಿ ಉಳಿಸಿಕೊಳ್ಳುವುದೂ ಕಷ್ಟವಿತ್ತು.

1972ರ ಮಾರ್ಚ್‌ನಲ್ಲಿ ವಿಧಾನಸಭೆ ಚುನಾವಣೆ. 216 ಸ್ಥಾನಗಳಲ್ಲಿ 165 ಕಾಂಗ್ರೆಸ್ಸಿಗೆ. ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ಎಂ. ವೀರಪ್ಪ ಮೊಯಿಲಿ ಮೊದಲ ಬಾರಿಗೆ ಶಾಸಕರಾಗಿ ಬಂದದ್ದು ಆಗಲೇ. ಮೊಯಿಲಿಯವರ ದೇವಾಡಿಗ ಸಮುದಾಯದ ಹೆಸರನ್ನು ರಾಜ್ಯದ ಬೇರೆ ಭಾಗದವರು ಕೇಳಿದ್ದೇ ಅಪರೂಪ. ಇಪ್ಪತ್ತು ವರ್ಷಗಳ ಮೇಲೆ ಅವರೇ ಮುಖ್ಯಮಂತ್ರಿಯಾದರು. 1972ರ ಮಾರ್ಚ್ 20ರಂದು ದೇವರಾಜ ಅರಸು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದರು. ಅವರದೇ ಆಡಳಿತದಲ್ಲಿ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ಗೆಲುವೆಲ್ಲ ಅರಸು ಒಬ್ಬರದಲ್ಲ. ಬಾಂಗ್ಲಾ ಯುದ್ಧ ಗೆದ್ದ ಇಂದಿರಾ ಗಾಂಧಿಯವರ ಅಲೆ ದೇಶದ ತುಂಬ ಎದ್ದಿತ್ತು. ಮತದಾರ ಅಭ್ಯರ್ಥಿಯ ಜಾತಿಯನ್ನು ಮರೆತದ್ದು ಅಭ್ಯರ್ಥಿಯ ಮೇಲಿನ ಪ್ರೀತಿಯಿಂದಲೋ, ಪಕ್ಷದ ಚಿಹ್ನೆಯ ಮೇಲಿನ ಪ್ರೀತಿಯಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ಆದರೆ ಅಲೆ ಎದ್ದಾಗಲೂ ಹಳೆಯ ಮನೆತನಗಳಿಗೇ ಟಿಕೆಟ್ ಹಂಚಿಬಿಡಬಹುದಿತ್ತು. ಅರಸು ಹಾಗೆ ಮಾಡಲಿಲ್ಲ. ಬಾಗಿಲು ತೆರೆದಿದ್ದ ಹೊತ್ತಿನಲ್ಲಿ ಹೊರಗೆ ನಿಂತವರನ್ನು ಒಳಗೆ ಕರೆದರು.

ಒಳಗೆ ಕರೆದವರ ಕೈಗೆ ಕೆಲಸವನ್ನೂ ಕೊಟ್ಟರು. ದಲಿತ ನಾಯಕ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಮೈಸೂರಿನ ಅಜೀಜ್ ಸೇಠ್ ಸಂಪುಟದಲ್ಲಿದ್ದರು. 1972ರ ಆಗಸ್ಟ್‌ನಲ್ಲಿ ವಕೀಲ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚನೆಯಾಯಿತು. ಆಯೋಗ ಜಿಲ್ಲೆ ಜಿಲ್ಲೆ ಸುತ್ತಿ, ಯಾವ ಸಮುದಾಯದ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ತಲುಪುತ್ತಾರೆ, ಎಷ್ಟು ಜನ ಸರ್ಕಾರಿ ನೌಕರಿಯಲ್ಲಿದ್ದಾರೆ ಎಂದು ಲೆಕ್ಕ ಹಾಕಿ, 1975ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಇದರ ಆಧಾರದ ಮೇಲೆ 1977ರಲ್ಲಿ ಸರ್ಕಾರ ಹೊರಡಿಸಿದ ಆದೇಶದಲ್ಲಿ ಮುಸ್ಲಿಮರನ್ನೂ ಹಿಂದುಳಿದ ಸಮುದಾಯಗಳ ಪಟ್ಟಿಗೆ ಸೇರಿಸಲಾಯಿತು. 1995ರಲ್ಲಿ ಬಂದ 2ಬಿ ಪ್ರವರ್ಗದ ಶೇ. 4 ಮೀಸಲಾತಿಯ ಬೇರು ಆ ಆದೇಶದಲ್ಲಿದೆ. 2023ರಲ್ಲಿ ಆ ಪ್ರವರ್ಗವನ್ನು ತೆಗೆಯುವ ಆದೇಶ ಹೊರಟು ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮಗೆಲ್ಲ ನೆನಪಿದೆ. ಸಿಇಟಿ ಅರ್ಜಿಯಲ್ಲಿ ಪ್ರವರ್ಗದ ಮುಂದೆ ಗುರುತು ಹಾಕುವಾಗ ಈ ಐವತ್ತು ವರ್ಷದ ಕತೆ ನಮ್ಮ ಬೆರಳ ತುದಿಯಲ್ಲಿರುತ್ತದೆ.

ಅರಸು ಅವರ ಇನ್ನೊಂದು ದೊಡ್ಡ ಕೆಲಸ ಭೂಸುಧಾರಣೆ. 1973ರ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬುದು ಅದರ ತಿರುಳು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲೂಕಿನ ಭೂನ್ಯಾಯ ಮಂಡಳಿ ಸ್ಥಳ ನೋಡಿ, ಸಾಕ್ಷಿ ಕೇಳಿ ತೀರ್ಮಾನಿಸಬೇಕು. ನಮ್ಮ ದಾದಾ ಶ್ರೀನಿವಾಸಪುರ ತಾಲೂಕಿನ ಹಳ್ಳಿಯೊಂದರಲ್ಲಿ ವಾರಕ್ಕೆ ಹೊಲ ಮಾಡುತ್ತಿದ್ದರು. ಬೆಳೆದ ರಾಗಿಯಲ್ಲಿ ಅರ್ಧ ಹೊಲದ ಯಜಮಾನರಿಗೆ. ಆ ಹೊಲದಲ್ಲಿ ಎರಡು ಎಕರೆ ಅವರ ಹೆಸರಿಗೆ ಬಂದದ್ದು ನಮೂನೆ 7ರಿಂದ. ಈಗ ಅಲ್ಲಿ ಮಾವಿನ ಗಿಡಗಳಿವೆ. ನನ್ನ ಕಾಲೇಜಿನ ಫೀಸು ಬರುವುದು ಆ ಮಾವಿನಿಂದ. ದಾದಾ ಅವರಿಗೆ ಅರಸು ಯಾವ ಜಾತಿಯವರು ಎಂದು ಕೊನೆಯವರೆಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ. ಮನೆಯಲ್ಲಿ ಯಾರಾದರೂ ರಾಜಕಾರಣಿಗಳನ್ನೆಲ್ಲ ಒಟ್ಟಿಗೆ ಬೈದರೆ ಅವರೊಬ್ಬರನ್ನು ಮಾತ್ರ ಬೇರೆ ಇಡಿ ಎನ್ನುತ್ತಿದ್ದರಂತೆ.

ಜೀತ ಪದ್ಧತಿಗೆ ತಡೆ, ಬಡವರಿಗೆ ಋಣ ಪರಿಹಾರ, ಹಿಂದುಳಿದವರ ಮಕ್ಕಳಿಗೆ ಹಾಸ್ಟೆಲ್, ಕೆಲಸವಿಲ್ಲದ ಪದವೀಧರರಿಗೆ ಸ್ಟೈಪೆಂಡ್. ಇವೂ ಆ ವರ್ಷಗಳ ಕೆಲಸಗಳೇ. ಆದರೆ ಒಬ್ಬರ ಜೀವನವನ್ನು ಬರೆಯುವಾಗ ಬೆಳಕಿನ ಕಡೆಯನ್ನು ಮಾತ್ರ ತೋರಿಸಿದರೆ ಅದು ಹೊಗಳಿಕೆಯ ಭಾಷಣವಾಗುತ್ತದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಅರಸು ಅವರೇ ಮುಖ್ಯಮಂತ್ರಿ. ವಿರೋಧ ಪಕ್ಷದ ಅನೇಕರು ಇಲ್ಲಿಯ ಜೈಲುಗಳಲ್ಲಿದ್ದರು. ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅಧಿಕಾರದ ದುರುಪಯೋಗದ ಆರೋಪಗಳ ಮೇಲೆ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು, ಅದು ಕೆಲವು ಆರೋಪಗಳಲ್ಲಿ ಹುರುಳಿದೆ ಎಂದಿತು. ಸಣ್ಣ ಸಮುದಾಯದಿಂದ ಬಂದ ನಾಯಕ ಎಂಬ ಕಾರಣಕ್ಕೆ ಈ ಲೆಕ್ಕಗಳಿಂದ ಯಾರಿಗೂ ವಿನಾಯಿತಿ ಇಲ್ಲ. ನಮ್ಮವರು ಎಂದು ಗೆಲ್ಲಿಸಿದವರನ್ನೂ ಪ್ರಶ್ನಿಸಬೇಕು. ಪ್ರಾತಿನಿಧ್ಯ ಎಂದರೆ ತಪ್ಪು ಮಾಡಲು ರಹದಾರಿಯಲ್ಲ.

1977ರ ಡಿಸೆಂಬರ್ 31ರಂದು ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಎರಡೇ ತಿಂಗಳಲ್ಲಿ, 1978ರ ಫೆಬ್ರವರಿಯಲ್ಲಿ, ಚುನಾವಣೆ ಬಂತು. ಉತ್ತರ ಭಾರತದಲ್ಲಿ ಇಂದಿರಾ ಕಾಂಗ್ರೆಸ್ ನೆಲಕಚ್ಚಿದ್ದ ಕಾಲ ಅದು. ಆದರೂ ಕರ್ನಾಟಕದ 224 ಸ್ಥಾನಗಳಲ್ಲಿ 149ನ್ನು ಅರಸು ಗೆದ್ದು ತಂದರು. 1972ರ ಗೆಲುವು ಅಲೆಯ ಗೆಲುವು ಎಂದವರಿಗೆ ಇದು ಉತ್ತರವಾಗಿತ್ತು. ಹೊಲ ಸಿಕ್ಕವರು, ಹಾಸ್ಟೆಲ್ ಸಿಕ್ಕವರು, ಮೊದಲ ಸಲ ಮಾತಿಗೆ ಬೆಲೆ ಸಿಕ್ಕವರು ಈ ಸಲ ತಿಳಿದೇ ಓಟು ಹಾಕಿದ್ದರು.

ಆ ವಿಧಾನಸಭೆಯಲ್ಲಿ 16 ಮಂದಿ ಮುಸ್ಲಿಂ ಶಾಸಕರಿದ್ದರು. ಅಷ್ಟು ಮಂದಿ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ. ಮುಂದಿನ ಚುನಾವಣೆ 1983ರಲ್ಲಿ. ಆಗ ಗೆದ್ದವರು ಇಬ್ಬರು. 2023ರಲ್ಲಿ ಒಂಬತ್ತು ಮಂದಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 13. ಒಂಬತ್ತು ಶಾಸಕರೆಂದರೆ ನೂರಕ್ಕೆ ನಾಲ್ಕು.

ಈ ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. 1978ರಲ್ಲಿ 16 ಮಂದಿಯನ್ನು ಒಪ್ಪಿದ ಮತದಾರರು 1983ರಲ್ಲಿ ಇಬ್ಬರನ್ನು ಮಾತ್ರ ಒಪ್ಪಿದರು ಎಂದರೆ, ಐದೇ ವರ್ಷಗಳಲ್ಲಿ ಕೋಟಿಗಟ್ಟಲೆ ಜನರ ಮನಸ್ಸು ತಿರುಗಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹಳ್ಳಿಗಳು ಅವೇ, ಜನರೂ ಹೆಚ್ಚುಕಡಿಮೆ ಅವರೇ. ಬದಲಾದದ್ದು ಗೆಲ್ಲುವ ಪಕ್ಷ, ಅದರ ಹಿಂದೆ ಸೇರಿದ ಸಮುದಾಯಗಳ ಒಕ್ಕೂಟ, ಗೆಲ್ಲುವ ಕ್ಷೇತ್ರಗಳಲ್ಲಿ ಟಿಕೆಟ್ ಸಿಕ್ಕವರ ಪಟ್ಟಿ. ಮತದಾರನ ಮುಂದೆ ಹೆಸರು ಬರುವ ಮೊದಲೇ ಇನ್ನೊಂದು ಚುನಾವಣೆ ನಡೆದಿರುತ್ತದೆ. ಅದು ಪಕ್ಷದ ಕಚೇರಿಯ ಕೋಣೆಯಲ್ಲಿ ನಡೆಯುವಂಥದ್ದು. ಇವರು ಗೆಲ್ಲುವುದಿಲ್ಲ ಎಂದು ಅಲ್ಲಿ ಮೊದಲೇ ತೀರ್ಮಾನಿಸಿ ಟಿಕೆಟ್ ತಪ್ಪಿಸುತ್ತಾರೆ. ಟಿಕೆಟ್ ಇಲ್ಲದ್ದರಿಂದ ಅವರು ಗೆಲ್ಲುವುದಿಲ್ಲ. ಆಮೇಲೆ ಅದನ್ನೇ ತೋರಿಸಿ, ನೋಡಿ ಜನ ಒಪ್ಪುವುದಿಲ್ಲ ಎಂದು ತಪ್ಪನ್ನು ಮತದಾರನ ತಲೆಗೆ ಕಟ್ಟುತ್ತಾರೆ. ಮತದಾರರಲ್ಲಿ ಭೇದಭಾವ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ನಮ್ಮ ಮನೆಗಳಲ್ಲೂ ಇದೆ. ಆದರೆ ಅದು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಎಂದು ಹುಣಸೂರು, ಕನಕಪುರ, ಕಾರ್ಕಳ ತೋರಿಸಿಕೊಟ್ಟಿವೆ.

ಮುಳಬಾಗಿಲನ್ನೇ ನೋಡಿ. 2008ರಿಂದ ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ನಿಲ್ಲುವವರು ಪರಿಶಿಷ್ಟ ಜಾತಿಯವರೇ ಆಗಿರಬೇಕು, ಓಟು ಹಾಕುವವರು ಮಾತ್ರ ಎಲ್ಲರೂ. ಬೇರೆ ಬೇರೆ ಜಾತಿ ಧರ್ಮದವರು ಅಲ್ಲಿ ಯಾವ ಗೊಂದಲವೂ ಇಲ್ಲದೆ ಆರಿಸುತ್ತಾ ಬಂದಿದ್ದಾರೆ, ಶಾಸಕರ ಮನೆಯ ಬಾಗಿಲಿಗೆ ಅಹವಾಲು ಹೊತ್ತು ಹೋಗುತ್ತಿದ್ದಾರೆ. ಕಣ್ಣು ಪಳಗಿದರೆ ಮನಸ್ಸೂ ಪಳಗುತ್ತದೆ.

ಅರಸು ಕಾಲದಲ್ಲಿ ಲೆಕ್ಕಕ್ಕೇ ಬಾರದವರು ಇನ್ನೂ ಕೆಲವರಿದ್ದರು. ಲಿಂಗತ್ವ ಅಲ್ಪಸಂಖ್ಯಾತರು ಅವರಲ್ಲಿ ಒಬ್ಬರು. ಮತದಾರರ ಪಟ್ಟಿಯಲ್ಲಿ ಗಂಡು, ಹೆಣ್ಣು ಎರಡೇ ಕಲಂ ಇದ್ದದ್ದರಿಂದ ತಾವು ಇರುವಂತೆಯೇ ಓಟು ಹಾಕುವ ದಾರಿಯೇ ಅವರಿಗಿರಲಿಲ್ಲ. ಚುನಾವಣಾ ಆಯೋಗ ಇತರೆ ಎಂಬ ಕಲಂ ತಂದದ್ದು 2009ರಲ್ಲಿ. ಅದಕ್ಕೂ ಮೊದಲೇ ಮಧ್ಯಪ್ರದೇಶದ ಸೊಹಾಗ್‌ಪುರದ ಜನ ಶಬನಮ್ ಮೌಸಿಯವರನ್ನು ಶಾಸಕರನ್ನಾಗಿ ಆರಿಸಿದ್ದರು. ಅವರ ಬೆನ್ನಿಗೆ ಜಾತಿಯೂ ಇರಲಿಲ್ಲ, ದೊಡ್ಡ ಪಕ್ಷವೂ ಇರಲಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಅವರಿಗೆ ಶೇ. 1 ಮೀಸಲಾತಿ ಕೊಟ್ಟು ದೇಶದಲ್ಲೇ ಮೊದಲ ರಾಜ್ಯವಾಯಿತು. ಹಾವನೂರು ವರದಿ ತೆರೆದ ದಾರಿಯಲ್ಲಿ ಇದು ಇನ್ನೊಂದು ಹೆಜ್ಜೆ ಎಂದು ನನಗೆ ತೋರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು ನಗುವ ನಾವು, ನಾಳೆ ಮತಯಂತ್ರದ ಮೇಲೆ ಅವರ ಹೆಸರು ಕಂಡರೆ ಏನು ಮಾಡುತ್ತೇವೆ? ನಮಗೆ ಪ್ರಾತಿನಿಧ್ಯ ಬೇಕು ಎನ್ನುವವರು ನಮಗಿಂತ ಕಡಿಮೆ ಇರುವವರ ಪ್ರಾತಿನಿಧ್ಯದ ಪ್ರಶ್ನೆ ಬಂದಾಗ ಮುಖ ತಿರುಗಿಸಬಾರದು.

ಅರಸು ಅವರ ಕೊನೆಯ ವರ್ಷಗಳು ಒಂಟಿತನದವು. 1979ರಲ್ಲಿ ಇಂದಿರಾ ಗಾಂಧಿಯವರೊಡನೆ ಮನಸ್ತಾಪ ಬೆಳೆದು ಪಕ್ಷದಿಂದ ಹೊರಬಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅವರು ಬೆಳೆಸಿದ ಶಾಸಕರೇ ಒಬ್ಬೊಬ್ಬರಾಗಿ ಆ ಕಡೆ ದಾಟಿದರು. ಎರಡು ಅವಧಿ ಸೇರಿ ಸುಮಾರು ಏಳೂವರೆ ವರ್ಷ ಆಳಿದವರು ರಾಜೀನಾಮೆ ಕೊಟ್ಟು ಮನೆಗೆ ಬಂದರು. ಕ್ರಾಂತಿರಂಗ ಎಂಬ ಹೊಸ ಪಕ್ಷ ಕಟ್ಟುವ ಹೊತ್ತಿನಲ್ಲೇ, 1982ರ ಜೂನ್ 6ರಂದು ತೀರಿಕೊಂಡರು. ಅವರ ಬೆನ್ನಿಗೆ ದೊಡ್ಡ ಜಾತಿ ಇರಲಿಲ್ಲವಾದ್ದರಿಂದ ಏರುವುದು ಎಷ್ಟು ಕಷ್ಟವಾಗಿತ್ತೋ ಇಳಿಯುವುದು ಅಷ್ಟೇ ಬೇಗ ಆಯಿತು. ದೊಡ್ಡ ಸಮುದಾಯದ ನಾಯಕನಿಗೆ ಸೋತಾಗ ಮರಳಿ ಹೋಗಲು ಒಂದು ಮನೆ ಇರುತ್ತದೆ. ಸಣ್ಣ ಸಮುದಾಯದವರಿಗೆ ಅವರು ಮಾಡಿದ ಕೆಲಸವೇ ಮನೆ.

ಆ ಮನೆ ಇನ್ನೂ ನಿಂತಿದೆ. ಪಹಣಿಯಲ್ಲಿ, ಹಾಸ್ಟೆಲ್ಲಿನಲ್ಲಿ, ಪ್ರವರ್ಗದ ಪ್ರಮಾಣಪತ್ರದಲ್ಲಿ, ಟಮಕದ ಫಲಕದಲ್ಲಿ ಅದು ಕಾಣುತ್ತದೆ. ಜಾಲಪ್ಪನವರು ಏಕೆ ಆ ಹೆಸರನ್ನೇ ಆರಿಸಿದರು ಎಂಬ ನನ್ನ ಪ್ರಶ್ನೆಗೆ ಇದೇ ಸಾಕಾದ ಉತ್ತರ.

ಅರಸು ಗೆದ್ದ ಕಾಲದಲ್ಲಿ ಓಟು ಹಾಕಲು 21 ವರ್ಷ ತುಂಬಿರಬೇಕಿತ್ತು. 1989ರಲ್ಲಿ ಅದು 18ಕ್ಕೆ ಇಳಿಯಿತು. ಈಗ 17 ದಾಟಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು, 18 ತುಂಬಿದೊಡನೆ ಹೆಸರು ಸೇರುತ್ತದೆ. ನಮ್ಮ ತಾತಂದಿರಿಗೆ ಹೊಲ ಕೊಟ್ಟದ್ದು ನಮೂನೆ 7. ನಮಗೆ ಓಟು ಕೊಡುವುದು ನಮೂನೆ 6. ದ್ವಿತೀಯ ಪಿಯುಸಿಯ ಎಲ್ಲರೂ ಪರೀಕ್ಷೆಗೆ ಮೊದಲೇ ಅದನ್ನು ತುಂಬಿ ಬೂತ್ ಮಟ್ಟದ ಅಧಿಕಾರಿಗೆ ಕೊಡಿ. ಆಮೇಲೆ ಅಭ್ಯರ್ಥಿಗಳ ಪಟ್ಟಿ ಕೈಗೆ ಬಂದಾಗ, ಇವರು ಯಾರ ಪೈಕಿ ಎಂದು ಕೇಳುವ ಮೊದಲು ಇವರು ಏನು ಮಾಡಿದ್ದಾರೆ ಎಂದು ಕೇಳಿ. ಪಟ್ಟಿಯಲ್ಲಿ ಯಾರ ಹೆಸರು ಇಲ್ಲ, ಏಕೆ ಇಲ್ಲ ಎಂದೂ ಕೇಳಿ.